ಹೆಸರಿಲ್ಲದ ದಾನಿಗೊಂದು ಥ್ಯಾಂಕ್ಸ್

ಏನು ಕೆಲಸ ಅಂತ ಯಾರಾದ್ರೂ ಕೇಳಿದ್ರೆ "ಜೀವಕೋಶ ಸಾಕ್ತೀನಿ" ಅಂತೀನಿ. ನಗ್ತಾರೆ. ಆದರೆ ನಿಜ ಅದೇ. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಮನುಷ್ಯರ ಸ್ನಾಯುವಿನ ಕೋಶಗಳನ್ನು ಬೆಳೆಸೋದು ನನ್ನ ಕೆಲಸ. 37 ಡಿಗ್ರಿ ಬೆಚ್ಚಗಿನ ಇನ್‌ಕ್ಯುಬೇಟರ್, ಎರಡು ದಿನಕ್ಕೊಮ್ಮೆ ಹೊಸ ಪೋಷಕ ದ್ರವ. ಭಾನುವಾರವೂ ತಪ್ಪಲ್ಲ. ಮನೇಲಿ ಹಸು ಕಟ್ಟಿದವರ ಹಾಗೆ!

ಈ ಕೋಶಗಳು ಸಾಮಾನ್ಯವಾಗಿ ಬರೋದು ದಾನಿಗಳ ತೊಡೆಯಿಂದ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಲ್ಲಿ ಚೂರೇ ಚೂರು ಸ್ನಾಯು ತೆಗೀತಾರೆ. ಅದರಲ್ಲಿ ಪೆಟ್ಟಾದ ಸ್ನಾಯುವನ್ನು ರಿಪೇರಿ ಮಾಡುವ ಸ್ಯಾಟಲೈಟ್ ಕೋಶಗಳಿರುತ್ತವೆ. ಅವನ್ನು ಬೇರ್ಪಡಿಸಿ ಬೆಳೆಸಿದರೆ, ಒಂದಕ್ಕೊಂದು ಬೆಸೆದುಕೊಂಡು ಎಳೆಗಳಾಗುತ್ತವೆ. ನಮ್ಮ ಕೈಗೆ ಬರುವ ಪುಟ್ಟ ಬಾಟಲಿ ಮೇಲೆ ಹೆಸರಿರಲ್ಲ. ಒಂದು ನಂಬರ್, ವಯಸ್ಸು, ಗಂಡೋ ಹೆಣ್ಣೋ, ಶುಗರ್ ಇದೆಯೋ ಇಲ್ಲವೋ. ಅಷ್ಟೇ.

ಇನ್ಸುಲಿನ್ ಕರೆದಾಗ ರಕ್ತದಲ್ಲಿನ ಸಕ್ಕರೆಯನ್ನು ಬಹುಪಾಲು ಒಳಗೆಳೆದುಕೊಳ್ಳೋದು ಸ್ನಾಯುಗಳೇ. ಟೈಪ್ 2 ಮಧುಮೇಹದಲ್ಲಿ ಅವು ಆ ಕರೆಗೆ ಸರಿಯಾಗಿ ಓಗೊಡಲ್ಲ. 1995ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರು ಒಂದು ವಿಷಯ ಪ್ರಕಟಿಸಿದರು. ಮಧುಮೇಹಿಗಳ ಕೋಶಗಳನ್ನು ದೇಹದಿಂದ ಹೊರತಂದು, ಆರೋಗ್ಯವಂತರ ಕೋಶಗಳಂತೆಯೇ ವಾರಗಟ್ಟಲೆ ಸಾಕಿದರೂ, ಅವು ಇನ್ಸುಲಿನ್‌ಗೆ ಮಂದವಾಗಿಯೇ ಸ್ಪಂದಿಸಿದವು! ಹುಟ್ಟಿನಿಂದ ಬಂದದ್ದೂ ಇರಬಹುದು, ವರ್ಷಗಟ್ಟಲೆ ಬದುಕಿನ ಗುರುತೂ ಇರಬಹುದು.

ಇದನ್ನು ಓದಿದಾಗ ದಾವಣಗೆರೆಯಲ್ಲಿರುವ ಅಪ್ಪ ನೆನಪಾದರು. ಅಪ್ಪ ಟೈಲರ್. ಶುಗರ್ ಬಂದಾಗಿನಿಂದ ಮನೆಗೆ ಬಂದವರೆಲ್ಲ ಬೈಯೋರೇ. "ಬಾಯಿ ಕಟ್ಟಿದ್ದಿದ್ರೆ ಇದೆಲ್ಲ ಬರ್ತಿತ್ತಾ?" ಕೇಳಿ ಕೇಳಿ ಅಪ್ಪ ಮದುವೆ ಮನೆ ಊಟಕ್ಕೆ ಹೋಗೋದನ್ನೇ ಬಿಟ್ಟರು.

ಫೋನಿನಲ್ಲಿ ಹೇಳಿದೆ: "ಅಪ್ಪಾ, ಲ್ಯಾಬಲ್ಲಿರೋ ಕೋಶಕ್ಕೆ ನಾಲಿಗೆ ಇಲ್ಲ, ಹೋಳಿಗೆ ಕಂಡಿಲ್ಲ. ಆದ್ರೂ ಅದು ಹಂಗೇ ಮಾಡುತ್ತೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರೆ ಎಲ್ಲಾ ನನ್ನ ತಪ್ಪೇ ಅಲ್ಲ ಅನ್ನು ಪುಟ್ಟೀ" ಅಂದರು.

ಹಾಗಂತ ಕೈಕಟ್ಟಿ ಕೂರುವಂತಿಲ್ಲ. ಸ್ನಾಯು ದುಡಿಯುವಾಗ ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಒಳಬಿಡುವ ಇನ್ನೊಂದು ದಾರಿಯಿದೆ. ಟೈಪ್ 2 ಇರುವವರಲ್ಲೂ ಅದು ಬಹುಮಟ್ಟಿಗೆ ಚೆನ್ನಾಗೇ ಇರುತ್ತದೆ. ಲ್ಯಾಬ್‌ಗಳಲ್ಲಿ ಕೋಶಗಳಿಗೆ ಸಣ್ಣಗೆ ಕರೆಂಟ್ ಕೊಟ್ಟು ವ್ಯಾಯಾಮ ಮಾಡಿಸಿ ಇಂಥದ್ದನ್ನೇ ಪರೀಕ್ಷಿಸುತ್ತಾರೆ. ಅಪ್ಪನಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟಿಲ್ಲ, ಜೊತೆಗೆ ಊಟವಾದ ಮೇಲೆ ಅರ್ಧ ಗಂಟೆ ನಡೀತಾರೆ. ಮದುವೆ ಮನೆಗೂ ಹೋಗ್ತಾರೆ, ಹೋಳಿಗೆ ಅರ್ಧ ಮಾತ್ರ.

ಎಲ್ಲೋ ಒಬ್ಬರು, ತಮಗೆ ಯಾವ ಲಾಭವೂ ಇಲ್ಲದಿದ್ದರೂ, ತೊಡೆ ನೋಯಿಸಿಕೊಂಡು ಆ ಚೂರು ಕೊಟ್ಟಿದ್ದಾರೆ. ಅವರೂ ನೆಂಟರ ಬೈಗುಳ ತಿಂದಿರಬಹುದು. ನಿಮ್ಮ ಮನೇಲೂ ಶುಗರ್ ಇರೋರಿದ್ದರೆ ಇವತ್ತು ಬುದ್ಧಿ ಹೇಳಬೇಡಿ. ರಾತ್ರಿ ಊಟ ಆದಮೇಲೆ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಒಂದು ಸುತ್ತು ಹೋಗಿ ಬನ್ನಿ.