ಕಿಸೆದಾಗಿನ ಚಾಕುವಿಗೂ ಜಾತಿ ಐತೇನ್ರಿ?



ಉಳ್ಳಾಗಡ್ಡಿ ಸುಗ್ಗಿ ಬಂತಂದ್ರ ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹುಡುಗರು ನನಗೊಂದು ಪ್ರಶ್ನೆ ಕೇಳ್ತಾರ: "ಅಣ್ಣಾ, ಕಿಸೆದಾಗ ಚಾಕು ಇಟ್ಕೊಂಡ್ರ ಪೊಲೀಸ್ರು ಹಿಡೀತಾರೇನು?" ಕೇಳುವವರು ಹಮಾಲಿ ಮಾಡುವವರು, ವೈರಿಂಗ್ ಕೆಲಸದವರು, ಚಪ್ಪಲಿ ಹೊಲಿಯುವವರು. ಚೀಲದ ದಾರ ಕೊಯ್ಯಲಿಕ್ಕೆ, ತಂತಿ ಸುಲಿಯಲಿಕ್ಕೆ ಚಾಕು ಬೇಕೇ ಬೇಕು.

ಮೊದಲು ಕಾನೂನು ತಿಳ್ಕೊಳ್ರಿ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧದ ಪಟ್ಟಿಗೆ ಸೇರುತ್ತದೆ. ಆದರೆ ಮನೆಗೆಲಸ, ಒಕ್ಕಲುತನ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದನ್ನು ಆ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ನಮ್ಮಪ್ಪನ ರಂಪಿಗೆಯ ಅಲಗು 2 ಇಂಚಿಗಿಂತ ಅಗಲ. ತೊಗಲು ಕೊಯ್ಯಲು ಮಾಡಿದ್ದರಿಂದ ಅದು ದುಡಿಮೆಯ ಸಾಮಾನು. ಅವ್ವನ ಕುಡಗೋಲೂ ಹಂಗ.

ಕಿಸೆಗೆ ಎಂಥದ್ದು? ನಾನು ಇಟ್ಕೊಂಡಿರೋದು 3 ಇಂಚಿನೊಳಗಿನ ಮಡಚುವ ಚಾಕು. ಉಗುರು ಹಾಕಿ ಬಿಚ್ಚಬೇಕು. ಬಟನ್ ಒತ್ತಿದರೆ ಚಿಮ್ಮುವಂಥದ್ದು, ಎರಡೂ ಕಡೆ ಹರಿತ ಇರುವಂಥದ್ದು ಬೇಡವೇ ಬೇಡ. ದೆಹಲಿಯಲ್ಲಿ 1980ರ ಅಧಿಸೂಚನೆ ಬಟನ್ ಚಾಕುವಿಗೆ 7.62 ಸೆಂ.ಮೀ. ಮಿತಿ ಹಾಕಿದೆ, ಅಂದರೆ ಮೂರೇ ಇಂಚು. ಹೊರಗೆ ದುಡಿಯಲು ಹೋಗುವವರು ಅಲ್ಲಿಯ ನಿಯಮ ಕೇಳಿಕೊಂಡು ಹೋಗ್ರಿ. ಮೆರವಣಿಗೆ, ಚುನಾವಣೆ, ನಿಷೇಧಾಜ್ಞೆಯ ದಿನ ಚಾಕು ಮನೆಯಲ್ಲೇ ಇರಲಿ.

ಇಷ್ಟೆಲ್ಲ ಪಾಲಿಸಿದರೂ ಒಂದು ಅಳತೆ ಉಳಿಯುತ್ತದೆ. ಕಳೆದ ವರ್ಷ ನಮ್ಮ ಓಣಿಯ ಹುಡುಗನೊಬ್ಬನನ್ನು ತಂತಿ ಸುಲಿಯುವ ಚಾಕು ಸಲುವಾಗಿ ಬೆಳತನಕ ಠಾಣೆಯಲ್ಲಿ ಕೂಡಿಸಿದ್ದರು. ಜೊತೆಗೆ ಕೆಲಸ ಮಾಡುವ ಮೇಲೋಣಿ ಹುಡುಗನ ಕಿಸೆಯಲ್ಲೂ ಅಂಥದ್ದೇ ಚಾಕು ಇತ್ತು. ಅವನ ಅಡ್ಡಹೆಸರು ಕೇಳಿ ಮನೆಗೆ ಕಳಿಸಿದರು. ನಮ್ಮವನನ್ನು ನಾನೇ ಹೋಗಿ ಕರ್ಕೊಂಡು ಬಂದೆ. "ಅಣ್ಣಾ, ನಾಳೆ ಕೆಲಸಕ್ಕ ಬರೇ ಕೈಲೆ ಹೋಗ್ಲೇನು?" ಅಂದ. ಏನಂತ ಹೇಳಲಿ?

ಉಳ್ಳವರು ಮೆರವಣಿಗೆಯಲ್ಲಿ ತಲವಾರ್ ಝಳಪಿಸಿದರೆ ಸಂಪ್ರದಾಯ. ನಮ್ಮ ಹುಡುಗನ ಕಿಸೆಯಲ್ಲಿ ಕಟರ್ ಸಿಕ್ಕರೆ ಸಂಚು! ಚಾತುರ್ವರ್ಣ್ಯ ಕೆಳಗಿನವರ ಕೈಗೆ ಆಯುಧ ಸಿಗದಂತೆ ಮಾಡಿತು, ಅದಕ್ಕೇ ಅವರು ತಿರುಗಿ ಬೀಳಲಾಗಲಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಿವರಿಸಿದ್ದಾರೆ. ಸರ್ಕಾರಕ್ಕೂ ಇದು ಗೊತ್ತು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ, ದೌರ್ಜನ್ಯದ ಭಯವಿರುವ ಪ್ರದೇಶದಲ್ಲಿ ಪರಿಶಿಷ್ಟರಲ್ಲದವರ ಶಸ್ತ್ರ ಲೈಸೆನ್ಸ್ ರದ್ದು ಮಾಡಬೇಕು, ಅಗತ್ಯ ಬಿದ್ದರೆ ಪರಿಶಿಷ್ಟರಿಗೆ ಲೈಸೆನ್ಸ್ ಕೊಡಬೇಕು ಅಂತ ಐತಿ. ಎಷ್ಟು ಜನಕ್ಕೆ ಗೊತ್ತೈತಿ?

ನಾನು ಬಂದೂಕು ಕೇಳ್ತಿಲ್ಲ. ನಮ್ಮ ದುಡಿಮೆಯ ಸಾಮಾನನ್ನು ಸಾಮಾನು ಅಂತ ನೋಡ್ರಿ ಅಂತ ಕೇಳ್ತೀನಿ, ಅಷ್ಟ.

ತಮ್ಮಂದಿರಿಗೆ ಮಾತು ಇಷ್ಟು: ಚಾಕುವನ್ನು ಕೆಲಸದ ಚೀಲದಲ್ಲಿ, ಉಳಿದ ಸಾಮಾನಿನ ಜೊತೆ ಇಡ್ರಿ. ತಡೆದರೆ ಓಡಬೇಡ್ರಿ, ವಾದಕ್ಕೆ ಇಳಿಯಬೇಡ್ರಿ, ಏನು ಕೆಲಸ ಅಂತ ಹೇಳ್ರಿ. ಜಪ್ತಿ ಮಾಡಿದರೆ ಪಟ್ಟಿ ಬರೆಸಿಕೊಳ್ರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಜಪ್ತಿಯ ವಿಡಿಯೊ ಮಾಡಲೇಬೇಕು. "ಸರ್, ವಿಡಿಯೊ ಮಾಡ್ರಿ" ಅಂತ ಕೇಳ್ರಿ. ಆಮೇಲೆ ನಮಗೆ ಫೋನ್ ಹಚ್ರಿ, ರಾತ್ರಿ ಎಷ್ಟೊತ್ತಾದ್ರೂ ಬರ್ತೀವಿ.

ಜೈಭೀಮ್.