ಹೊಸ ಮೌಸ್ ಸದ್ಯಕ್ಕೆ ಬೇಡ

ಭಾಲ್ಕಿ
ಗುರುವಾರ ರಾತ್ರಿ

ಚಿ. ಸೌ. ಸುಮಾಳಿಗೆ ಅಣ್ಣನ ಆಶೀರ್ವಾದಗಳು.  

ಅಂಗಡಿಯ ವೈರ್‌ಲೆಸ್ ಮೌಸ್ ಮತ್ತೆ ನಿಂತು ನಿಂತು ಓಡುತ್ತಿದೆ, ಈ ಸಲ ಬೇರೆಯದನ್ನೇ ತಂದುಬಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೆಯಲ್ಲ, ಸ್ವಲ್ಪ ತಡಿ. ಅದೇ ತೊಂದರೆಯ ಒಂದು ಮೌಸ್ ನನಗೆ ಇಲ್ಲಿ ಸಿಕ್ಕಿತು. ಏನಾಗಿತ್ತು, ಹೇಗೆ ಸರಿಹೋಯಿತು ಎಂಬುದನ್ನು ಬಿಡಿಸಿ ಬರೆಯುತ್ತೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಕಾಗದವಾದರೆ ಕಂಪ್ಯೂಟರ್ ಪಕ್ಕದಲ್ಲೇ ಇಟ್ಟುಕೊಂಡು ನೋಡಬಹುದು.

ಮೊದಲು ಇಲ್ಲಿಗೆ ಬಂದ ಕಥೆ. ಬೀದರ್‌ನಲ್ಲಿ ಕೋಟೆ ನೋಡಿದೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ ನೋಡಿದೆ. ಗೋಡೆಯ ಮೇಲೆ ಅಲ್ಲಲ್ಲಿ ಉಳಿದಿರುವ ನೀಲಿ ಹೆಂಚುಗಳ ಬಣ್ಣ ಇಷ್ಟು ಮಳೆ ಬಿಸಿಲು ಕಂಡರೂ ಮಾಸಿಲ್ಲ. ಅಲ್ಲಿಂದ ಭಾಲ್ಕಿಗೆ ಬಸ್ಸಿನಲ್ಲಿ ಬರುವಾಗ ಕೆಂಪು ಜಂಬಿಟ್ಟಿಗೆ ನೆಲ ಹಿಂದೆ ಸರಿದು ಕಪ್ಪು ಎರೆಭೂಮಿ ಬರುತ್ತದೆ. ತೊಗರಿ, ಸೋಯಾ, ಉದ್ದು, ಹೆಸರು ಬಿತ್ತಿ ಮುಗಿದಿದೆ. ಬಿತ್ತನೆ ಮುಗಿಯಿತೆಂದರೆ ಬೆಳೆ ವಿಮೆ ಕಟ್ಟುವ ಗಡಿಬಿಡಿ. ನನ್ನ ಗೆಳೆಯನ ತಂದೆಯವರದೂ ಕಟ್ಟಬೇಕಿತ್ತು, ಅವರ ಜೊತೆಗೆ ನಾನೂ ಪೇಟೆಯ ಆನ್‌ಲೈನ್ ಸೆಂಟರ್‌ಗೆ ಹೋದೆ.

ನಿನ್ನ ಅಂಗಡಿಯಂಥದೇ ಅಂಗಡಿ. ಒಂದು ಕಂಪ್ಯೂಟರ್, ಪ್ರಿಂಟರ್, ಹೆಬ್ಬೆಟ್ಟು ಒತ್ತುವ ಯಂತ್ರ, ಮೂಲೆಯಲ್ಲಿ ಜೆರಾಕ್ಸ್. ಬಾಗಿಲಾಚೆಯವರೆಗೂ ಜನ. ಎಲ್ಲರ ಕೈಯಲ್ಲೂ ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಬರೆದುಕೊಂಡ ಚೀಟಿ. ಈ ಮುಂಗಾರು ಬೆಳೆಗಳಿಗೆ ವಿಮಾ ಮೊತ್ತದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ ರೈತನ ಪಾಲು, ಆದರೆ ಅದನ್ನು ಕೊನೆಯ ತಾರೀಖಿನೊಳಗೆ ಕಟ್ಟಲೇಬೇಕು. ಕುರ್ಚಿಯಲ್ಲಿ ಕೂತ ಹುಡುಗ ಒಬ್ಬರ ಜೊತೆ ಕನ್ನಡದಲ್ಲಿ, ಮುಂದಿನವರ ಜೊತೆ ಮರಾಠಿಯಲ್ಲಿ, ಅವರ ಹಿಂದಿನವರ ಜೊತೆ ಉರ್ದುವಿನಲ್ಲಿ ಮಾತಾಡುತ್ತಾನೆ, ಬೆರಳು ಮಾತ್ರ ಕನ್ನಡ ಕೀಲಿಮಣೆಯ ಮೇಲೆ ಓಡುತ್ತಿರುತ್ತದೆ. ಬೆಳಿಗ್ಗೆಯಷ್ಟೇ ಹಿರೇಮಠಕ್ಕೆ ಹೋಗಿಬಂದಿದ್ದೆ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಮಠ ಅದು. ಅದೇ ಊರಿನಲ್ಲಿ ಇವತ್ತು ರೈತನ ಹೆಸರು ಪರದೆಯ ಮೇಲೆ ಕನ್ನಡದಲ್ಲಿ ಮೂಡುವುದನ್ನು ನೋಡುತ್ತ ನಿಂತಿದ್ದೆ, ಮನಸ್ಸಿಗೆ ಬಹಳ ಹಿತವಾಯಿತು.

ಅಷ್ಟರಲ್ಲಿ ಪರದೆಯ ಮೇಲಿನ ಮೌಸಿನ ಬಾಣ ನಿಂತುಬಿಟ್ಟಿತು. ಹುಡುಗ ಮೌಸನ್ನು ಎತ್ತಿ ಕುಟ್ಟಿದ, ಅಂಗೈಗೆ ಉಜ್ಜಿದ, ಸೆಲ್ ತೆಗೆದು ಹಾಕಿದ. ಮೊಬೈಲಿಗೆ ಬಂದಿದ್ದ ಒಟಿಪಿಯ ಅವಧಿ ಮುಗಿಯಿತು. "ಏ ತಮ್ಮಾ, ಇನ್ನಾ ಆಗಿಲ್ಲೇನು? ಬಸ್ಸು ಹೋಗ್ತದ" ಎಂದು ಹಿಂದಿನಿಂದ ಒಬ್ಬ ಅಜ್ಜ. "ಮೌಸ್ ಕೈ ಕೊಡ್ಲತ್ತದ ಮುತ್ಯಾ, ಏನ್ ಮಾಡ್ಲಿ" ಎಂದು ಇವನು. ಕೂಲಿ ಬಿಟ್ಟು ಬಂದವರು ಒಂದು ಮೌಸಿನ ದೆಸೆಯಿಂದ ಮಧ್ಯಾಹ್ನದವರೆಗೆ ನಿಲ್ಲುವುದನ್ನು ನೋಡಿಕೊಂಡು ನನಗೆ ಸುಮ್ಮನಿರಲು ಆಗಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ, ನೋಡಲೇ ಎಂದು ಕೇಳಿದೆ. "ನೋಡ್ರಿ ಸರ್, ಪುಣ್ಯಾ ಬರ್ತದ" ಎಂದ. ಈ ವರ್ಷ ಅವನು ಕೊಂಡದ್ದರಲ್ಲಿ ಅದೇ ಮೊದಲ ಮೌಸ್ ಅಲ್ಲವಂತೆ. ಹಳೆಯವು ಮೇಜಿನ ಖಾನೆಯಲ್ಲಿ ಬಿದ್ದಿದ್ದವು.

ಸುಮಾ, ಮೊದಲು ಇದೊಂದು ಪರೀಕ್ಷೆ ಮಾಡು. ಬಾಣ ನಿಂತಾಗ ಮೌಸನ್ನು ಅಲ್ಲಾಡಿಸಬೇಡ, ಗುಂಡಿ ಒತ್ತಿ ನೋಡು. ಬಾಣ ಸರಿಯದಿದ್ದರೂ ಕ್ಲಿಕ್ ಆಗುತ್ತಿದ್ದರೆ ಸಂಪರ್ಕ ಚೆನ್ನಾಗಿದೆ ಎಂದರ್ಥ, ತೊಂದರೆ ಹೊಟ್ಟೆಯ ಕೆಳಗಿನ ಕಣ್ಣಿನದು ಅಥವಾ ಅದು ಓಡುವ ಜಾಗದ್ದು. ಕ್ಲಿಕ್ ಕೂಡ ಆಗದಿದ್ದರೆ ಮೌಸಿನ ಮಾತು ಕಂಪ್ಯೂಟರಿಗೆ ತಲುಪುತ್ತಿಲ್ಲ. ಇವೆರಡನ್ನೂ ಬೇರ್ಪಡಿಸಿಕೊಳ್ಳದೆ ಸೆಲ್ ಬದಲಿಸುವುದು, ಮೌಸ್ ಬದಲಿಸುವುದು ಎಲ್ಲ ದುಡ್ಡು ದಂಡ.

ಭಾಲ್ಕಿಯ ಮೌಸಿಗೆ ಎರಡೂ ಇದ್ದವು, ಅದಕ್ಕೇ ಆ ಹುಡುಗ ಅಷ್ಟು ಸೋತದ್ದು. ಮೇಜಿನ ಮೇಲೆ ಗಾಜು ಹಾಸಿ, ಅದರಡಿ ದೇವರ ಪಟ, ಕ್ಯಾಲೆಂಡರು, ವಿಸಿಟಿಂಗ್ ಕಾರ್ಡುಗಳನ್ನು ಜೋಡಿಸಿದ್ದ. ನಮ್ಮ ಊರುಗಳಲ್ಲಿ ಯಾವ ಕಚೇರಿಗೆ ಹೋದರೂ ಕಾಣುವ ಮೇಜು. ಆದರೆ ಮೌಸಿನ ಕಣ್ಣು ಬೆಳಕು ಬಿಟ್ಟು, ಕೆಳಗಿನ ಮೈಯ ಸಣ್ಣ ತರಿಗಳ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ಹಿಡಿದು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತದೆ. ನುಣ್ಣನೆಯ ಗಾಜಿನಲ್ಲಿ ಹಿಡಿಯಲು ತರಿಯೇ ಇಲ್ಲ. ಹಳೆಯ ಲೆಡ್ಜರಿನ ರಟ್ಟೊಂದನ್ನು ಮೌಸಿನಡಿ ಇಟ್ಟೆವು, ಬಾಣದ ನಡುಕ ನಿಂತಿತು.

ಆದರೂ ಆಗಾಗ ಪೂರ್ತಿ ಸ್ತಬ್ಧವಾಗುತ್ತಿತ್ತು, ಕ್ಲಿಕ್ಕೂ ಇಲ್ಲ. ಮೌಸೇ ಕೆಟ್ಟಿದೆಯೇ ಎಂದು ನೋಡಲು ಕಂಪ್ಯೂಟರಿಗೆ ಸಿಕ್ಕಿಸಿದ್ದ ಅದರ ಯುಎಸ್‌ಬಿ ರಿಸೀವರನ್ನು ಕಿತ್ತು, ಒಟಿಜಿ ಕೇಬಲ್ಲಿನಿಂದ ಅವನ ಮೊಬೈಲಿಗೆ ಸಿಕ್ಕಿಸಿದೆ. ಮೊಬೈಲಿನ ಪರದೆಯ ಮೇಲೆ ಬಾಣ ಬಂತು, ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಅಲ್ಲಿಗೆ ಮೌಸ್ ನಿರಪರಾಧಿ. ಖಾನೆಯಲ್ಲಿದ್ದ ಹಳೆಯವುಗಳನ್ನೂ ಹಾಗೇ ನೋಡಿದೆವು. ಒಂದರ ಗುಂಡಿ ಮಾತ್ರ ನಿಜವಾಗಿ ಸವೆದಿತ್ತು, ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುತ್ತಿತ್ತು. ಉಳಿದವು ಗಟ್ಟಿಮುಟ್ಟಾಗಿದ್ದವು. ಸುಮ್ಮನೆ ಕಸಕ್ಕೆ ಹೋಗಬೇಕಿದ್ದ ಮಾಲು!

ಆಮೇಲೆ ಮೇಜಿನಡಿ ಬಗ್ಗಿ ಸಿಪಿಯು ಹಿಂಭಾಗ ನೋಡಿದೆ. ರಿಸೀವರ್ ಅಲ್ಲಿ ನೀಲಿ ಬಾಯಿಯ ಯುಎಸ್‌ಬಿಯಲ್ಲಿ ಇತ್ತಂತೆ, ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ನೀಲಿ ಬಾಯಿಗೆ ಹೊರಗಿನ ಹಾರ್ಡ್ ಡಿಸ್ಕ್. ಸ್ಕ್ಯಾನ್ ಮಾಡಿದ ಕಾಗದಗಳೆಲ್ಲ ಅದಕ್ಕೆ ನಕಲಾಗುತ್ತಿದ್ದವು. ರಿಸೀವರನ್ನು ಮತ್ತೆ ಅಲ್ಲೇ ಸಿಕ್ಕಿಸಿ ಹಾರ್ಡ್ ಡಿಸ್ಕಿನ ದೀಪ ನೋಡುತ್ತ ಕೂತೆ. ದೀಪ ಮಿನುಗಿದಾಗಲೆಲ್ಲ ಬಾಣ ನಿಲ್ಲುತ್ತಿತ್ತು, ದೀಪ ಆರಿದರೆ ಓಡುತ್ತಿತ್ತು. ಹುಡುಗನಿಗೂ ತೋರಿಸಿದೆ. ಅವನ ಮುಖ ನೋಡಬೇಕಿತ್ತು ನೀನು.

ಕಾರಣ ಇಷ್ಟೇ. ವೈರ್‌ಲೆಸ್ ಮೌಸ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತವೆ. ನಮ್ಮ ದೇಶದಲ್ಲಿ 2005ರಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಈ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟರು, ಹಾಗಾಗಿ ವೈಫೈ, ಬ್ಲೂಟೂತ್ ಕೂಡ ಅಲ್ಲೇ. ನೀಲಿ ಬಾಯಿ ಯುಎಸ್‌ಬಿ 3.0ರದು, ಸೆಕೆಂಡಿಗೆ 5 ಗಿಗಾಬಿಟ್ ವೇಗ. ಅದರಲ್ಲಿ ಮಾಹಿತಿ ಹರಿಯುವಾಗ ಸಾಧನದಿಂದ, ಕನೆಕ್ಟರಿನಿಂದ, ಕೇಬಲ್ಲಿನಿಂದ ರೇಡಿಯೊ ಸದ್ದು ಸೋರುತ್ತದೆ, ಮತ್ತು ಆ ಸದ್ದು 2.4ರ ಪಟ್ಟಿಯನ್ನೂ ತುಂಬುತ್ತದೆ. ಇದು ನನ್ನ ಊಹೆಯಲ್ಲ, ಇಂಟೆಲ್ ಕಂಪನಿಯವರೇ 2012ರಲ್ಲಿ ಅಳೆದು ಬರೆದು ಪ್ರಕಟಿಸಿದ್ದಾರೆ. ಮೌಸಿನ ಧ್ವನಿ ಬಹಳ ಕ್ಷೀಣ. ಸೆಲ್ ತಿಂಗಳುಗಟ್ಟಲೆ ಬರಬೇಕಲ್ಲ! ಸದ್ದಿನ ಪಕ್ಕದಲ್ಲೇ ಕೂತ ರಿಸೀವರಿಗೆ ಆ ಕ್ಷೀಣ ಧ್ವನಿ ಹೇಗೆ ಕೇಳಬೇಕು? ಜೊತೆಗೆ ಅಡ್ಡಕ್ಕೆ ಸಿಪಿಯುವಿನ ತಗಡು ಡಬ್ಬ, ಸ್ಟೀಲ್ ಮೇಜು.

ಔಷಧಿ ಅಗ್ಗದ್ದು. ಪಕ್ಕದ ಮೊಬೈಲ್ ಅಂಗಡಿಯಿಂದ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತರಿಸಿ, ಹಳೆಯ ಯುಎಸ್‌ಬಿ 2.0ರ ಕಪ್ಪು ಬಾಯಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೇಜಿನ ಮೇಲೆ ಮೌಸಿನ ಹತ್ತಿರಕ್ಕೆ ತಂದು ರಿಸೀವರ್ ಕೂರಿಸಿದೆವು. ಹಾರ್ಡ್ ಡಿಸ್ಕನ್ನು ಆಚೆ ಬದಿಗೆ ಸರಿಸಿದೆವು. ನಕಲು ನಡೆಯುತ್ತಿದ್ದರೂ ಬಾಣ ನಿಲ್ಲಲಿಲ್ಲ. ಅಜ್ಜನ ವಿಮೆ ಕಟ್ಟಿ, ರಸೀದಿ ಪ್ರಿಂಟ್ ಆಗಿ ಅವರ ಕೈ ಸೇರಿತು. ಬಸ್ಸೂ ಸಿಕ್ಕಿರಬೇಕು.

ನೀನು ಇನ್ನೂ ಕೆಲವು ವಿಷಯ ನೋಡಿಕೋ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟ ಮೇಲೆ ಮಾತ್ರ ಮೌಸ್ ಏಳಲು ತಡಮಾಡಿದರೆ ಅದು ವಿಂಡೋಸ್‌ನ ಕರೆಂಟ್ ಉಳಿಸುವ ಬುದ್ಧಿಯೂ ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ, ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆ. ಸೆಲ್ ಇಡುವ ಗುಣಿಯಲ್ಲಿ ಬಿಳಿ ಹುಡಿ ಕಟ್ಟಿದೆಯೇ ನೋಡು, ಸೋರಿದ ಸೆಲ್ಲಿನದು ಅದು, ಒಣ ಬಟ್ಟೆಯಿಂದ ಸ್ಪ್ರಿಂಗ್ ಒರೆಸು. ವೈಫೈ ರೂಟರ್ ಮೇಜಿನ ಮೇಲೇ ಇದ್ದರೆ ದೂರದ ಗೋಡೆಗೆ ಹಾಕಿಸು. ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಸಿಕೊಂಡರೆ ಇನ್ನೂ ಒಳ್ಳೆಯದು.

ಇಷ್ಟು ಹೇಳಿಯೂ, ನಾಲ್ಕು ಜನ ಕಾಯುವ ಕೌಂಟರಿನಲ್ಲಿ ತಂತಿಯ ಮೌಸೇ ವಾಸಿ ಎಂದು ನನ್ನ ಅಭಿಪ್ರಾಯ. ಆ ಹುಡುಗನಿಗೂ ಹೇಳಿದೆ. ಅವನು ಒಪ್ಪಲಿಲ್ಲ. ಪರದೆಯನ್ನು ಗಿರಾಕಿಯ ಕಡೆ ತಿರುಗಿಸಿ, ಮೌಸನ್ನು ಕೌಂಟರಿನ ಮೇಲಿಟ್ಟು ಒಂದೊಂದೇ ಸಾಲು ತೋರಿಸುತ್ತಾನೆ. ಹೆಸರಿನ ಅಕ್ಷರ, ಸರ್ವೆ ನಂಬರು, ಬೆಳೆ ಎಲ್ಲ ಸರಿ ಇದೆಯೇ ಎಂದು ಅವರಿಂದಲೇ ಹೇಳಿಸಿಕೊಂಡು ಮುಂದೆ ಹೋಗುತ್ತಾನೆ. ತಂತಿ ಇದ್ದರೆ ಅಷ್ಟು ದೂರ ಬರುವುದಿಲ್ಲ ಎಂದ. ಅವನ ಮಾತು ಸರಿಯೇ. ಗಡಿಯ ಊರು, ಮರಾಠಿಯ ಕಾಗದದಲ್ಲೊಂದು ಥರ, ಕನ್ನಡದ ಕಾಗದದಲ್ಲೊಂದು ಥರ ಹೆಸರು ಇರುವವರು ಬಹಳ. ಆದ್ದರಿಂದ ವೈರ್‌ಲೆಸ್ಸೇ ಇರಲಿ, ಆದರೆ ಒಂದು ತಂತಿಯ ಮೌಸ್ ಖಾನೆಯಲ್ಲಿರಲಿ. ನೀನೂ ಹಾಗೇ ಮಾಡು.

ರಾತ್ರಿ ಗೆಳೆಯನ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅವನ ತಾಯಿ ಬೇಡವೆಂದರೂ ಬಡಿಸಿದರು. ನಾಳೆ ಔರಾದ್ ಕಡೆ ಹೊರಡುತ್ತೇನೆ. ನಿನ್ನ ಸಿಪಿಯು ಹಿಂದೆ ಯಾವ ಬಾಯಿಗೆ ಏನು ಸಿಕ್ಕಿಸಿದ್ದೀಯ ಎಂದು ಒಂದು ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕು, ದಾರಿಯಲ್ಲೇ ನೋಡಿ ಹೇಳುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ಪ್ರೀತಿಯ
ಅಣ್ಣ