ಅಪ್ಪನ ಏಳು ಫ್ಲಾಪಿಗಳು

ಪೆರುಂಗುಡಿ ಎಂದರೆ ಚೆನ್ನೈಯವರಿಗೆ ಮೊದಲು ನೆನಪಾಗುವುದು ಕಸದ ಗುಡ್ಡ, ಆಮೇಲೆ ಐಟಿ ಕಂಪನಿಗಳು. ಎರಡಕ್ಕೂ ದೂರವಲ್ಲದ ಒಂದು ಬೀದಿಯಲ್ಲಿ ನಮ್ಮ ಮನೆ, ಅದೂ ಕೆಳ ಅಂತಸ್ತಿನಲ್ಲಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮನೆಯೊಳಗೆ ಮೊಣಕಾಲುದ್ದ ನೀರು. ನಾನು ಮೊದಲು ಎತ್ತಿಕೊಂಡು ಮೇಲಿನ ಮನೆಗೆ ಓಡಿದ್ದು ಒಂದು ಹಳೇ ಬಿಸ್ಕತ್ತಿನ ಡಬ್ಬ. "ಅಕ್ಕಿ ಡಬ್ಬ ಬಿಟ್ಟು ಇದನ್ನ ಹೊತ್ಕೊಂಡು ಹೋಗ್ತಿದ್ದೀರಲ್ರೀ!" ಎಂದು ಹೆಂಡತಿ ಕೂಗಿಕೊಂಡಳು.

ಡಬ್ಬದಲ್ಲಿದ್ದದ್ದು ಏಳು ಫ್ಲಾಪಿಗಳು. ಅಪ್ಪನದು.

ಅಪ್ಪ ತೀರ್ಥಹಳ್ಳಿಯ ಕಡೆ ಹೈಸ್ಕೂಲ್ ಮೇಷ್ಟ್ರು. ರಜೆಯಲ್ಲಿ ತೋಟ ಸುತ್ತಿ, ಅಡಿಕೆ ಕೆಲಸದವರ ಬಾಯಿಂದ ಬಿದ್ದ ಮಾತನ್ನೆಲ್ಲ ಬರೆದಿಡುತ್ತಿದ್ದರು. ಚೊಗರು, ದಬ್ಬೆ, ಸಿಂಗಾರ, ಕೊಳೆರೋಗಕ್ಕೆ ಮುಂಚೆ ಕಟ್ಟುವ ಕೊಟ್ಟೆ. ಪುಸ್ತಕ ಮಾಡೋಣವೆಂದು 1993ರಲ್ಲಿ ಶಿವಮೊಗ್ಗದ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದರು. ಅದು ಐದು ದೊಡ್ಡ ಫ್ಲಾಪಿ. ಉಳಿದದ್ದನ್ನು ಬೆಂಗಳೂರಿನ ಪ್ರೆಸ್ಸೊಂದರಲ್ಲಿ ಮೆಕಿಂತೋಷ್ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರು. ಅದು ಎರಡು ಸಣ್ಣವು. ಪುಸ್ತಕ ಬರಲಿಲ್ಲ. ಹಸ್ತಪ್ರತಿಯನ್ನು ಅಟ್ಟದ ಮೇಲೆ ಒರಲೆ ತಿಂದಿತು. 2006ರಲ್ಲಿ ಅಪ್ಪನೂ ಹೋದರು. ನಾನು ಅಷ್ಟರಲ್ಲಾಗಲೇ ಎರಡು ವರ್ಷದಿಂದ ಚೆನ್ನೈಯಲ್ಲಿದ್ದೆ. "ಒಂದಿನ ಓದ್ಬೇಕು" ಅಂದುಕೊಂಡು ಡಬ್ಬ ತಂದಿಟ್ಟವನು ಆಮೇಲೆ ಅದನ್ನು ತೆರೆದಿರಲಿಲ್ಲ.

ನೀರು ಇಳಿದ ಮೇಲೆ ಲಾಫ್ಟಿನಿಂದ ನನ್ನ 1998ರ ಪೆಂಟಿಯಮ್ ಇಳಿಸಿದೆ. ಮನೆಯವರೆಲ್ಲ ಗುಜರಿ ಎನ್ನುವ ಯಂತ್ರ. ಆದರೆ ಅದರೊಳಗೆ ಇಂದಿನ ಲ್ಯಾಪ್‌ಟಾಪಿನಲ್ಲಿಲ್ಲದ ಒಂದು ಸವಲತ್ತಿದೆ: ಫ್ಲಾಪಿ ಡ್ರೈವಿನ ಅಗಲ ಪಟ್ಟಿಯ ಕೇಬಲ್ ಸಿಕ್ಕಿಸುವ ಜಾಗ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಈಗಲೂ ಸಿಗುತ್ತದೆ, ಆದರೆ ಅದು ಮೂರೂವರೆ ಇಂಚಿನ ಫ್ಲಾಪಿಗೆ ಮಾತ್ರ. ಐದೂಕಾಲು ಇಂಚಿನದಕ್ಕೆ ಹಳೇ ಡ್ರೈವೇ ಬೇಕು.

ಅದಕ್ಕಾಗಿ ಮೌಂಟ್ ರೋಡ್ ಪಕ್ಕದ ರಿಚ್ಚಿ ಸ್ಟ್ರೀಟಿನಲ್ಲಿ ಮೂರು ಶನಿವಾರ ಅಲೆದೆ. ಕೊನೆಗೆ ಒಂದು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಸಿಕ್ಕಿತು. "ಎದುಕ್ಕು ಸಾರ್ ಇದು?" ಎಂದ ಮುದುಕ. ನನ್ನ ಹರಕು ತಮಿಳಿನಲ್ಲಿ "ಅಪ್ಪಾವೋಡ ಫ್ಲಾಪಿ" ಎಂದೆ. ಅವನು ಮತ್ತೇನೂ ಕೇಳದೆ ಧೂಳು ಒರೆಸಿ, ಹೇಳಿದ್ದಕ್ಕಿಂತ ನೂರು ರೂಪಾಯಿ ಕಡಿಮೆ ತೆಗೆದುಕೊಂಡ.

ಈ ಕೆಲಸಕ್ಕೆ ಕೈಹಾಕುವವರು ಒಂದು ಮಾತು ನೆನಪಿಡಿ: ಓದುವ ಮೊದಲು ಫ್ಲಾಪಿಗೆ ಬೀಗ ಹಾಕಿ. ದೊಡ್ಡದರ ಅಂಚಿನ ಕಚ್ಚಿಗೆ ಟೇಪು ಅಂಟಿಸಬೇಕು, ಸಣ್ಣದರ ಮೂಲೆಯ ಕಿಂಡಿ ತೆರೆದಿರಬೇಕು. ಆಗ ಯಂತ್ರ ಓದಬಲ್ಲದು, ಬರೆಯಲಾರದು. ನನ್ನ ಡ್ರೈವ್ 1.2 ಎಂಬಿಯದು, ಎಂಬತ್ತು ಟ್ರ್ಯಾಕಿನದು. ಅಪ್ಪನ ಫ್ಲಾಪಿ 360 ಕೆಬಿಯದು, ನಲವತ್ತು ಟ್ರ್ಯಾಕಿನದು. ಓದುವಾಗ ಹೆಡ್ಡು ಒಂದರ ಬದಲು ಎರಡೆರಡು ಹೆಜ್ಜೆ ಇಟ್ಟು ಸರಿದೂಗಿಸಿಕೊಳ್ಳುತ್ತದೆ. ಮೂರು ಪೂರ್ತಿ ಬಂದವು. ನಾಲ್ಕನೆಯದು ಅರ್ಧ. ಐದನೆಯದರ ಮೇಲೆ ಬೂಸಲು. ಹೆಡ್ಡು ಕೆರೆದ ಸದ್ದು ಕೇಳಿ ನಾನೇ ನಿಲ್ಲಿಸಿದೆ.

ಸಣ್ಣ ಎರಡನ್ನು ಪೆಂಟಿಯಮ್ ಮುಟ್ಟಲೇ ಇಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು! ಅವು ಮೆಕಿಂತೋಷಿನ 800 ಕೆಬಿ ಫ್ಲಾಪಿಗಳು. ಆ ಯಂತ್ರದಲ್ಲಿ ಹೊರ ಸುತ್ತಿಗೊಂದು ವೇಗ, ಒಳ ಸುತ್ತಿಗೊಂದು ವೇಗ. ನಮ್ಮ ಪಿಸಿಯದು ಎಲ್ಲ ಕಡೆ ಒಂದೇ ವೇಗ. ಕೊನೆಗೆ ಗ್ರೀಸ್‌ವೀಜಲ್ ಎಂಬ ಪುಟ್ಟ ಬೋರ್ಡು ತರಿಸಿದೆ. ಅದು ಅರ್ಥದ ಗೊಡವೆಗೆ ಹೋಗದೆ, ಫ್ಲಾಪಿಯ ಕಾಂತದ ಏರಿಳಿತವನ್ನು ಇದ್ದ ಹಾಗೇ ಎತ್ತಿಕೊಳ್ಳುತ್ತದೆ. ಬಿಡಿಸುವುದು ಆಮೇಲಿನ ತಂತ್ರಾಂಶದ ಕೆಲಸ. ಎರಡೂ ಬಂದವು.

ಬಂದವು ಎಂದೆನಲ್ಲ, ತೆರೆದು ನೋಡಿದರೆ ಕನ್ನಡವೇ ಇಲ್ಲ. ಕೋಡು ಮೂಡಿದ ಎ, ಟೋಪಿ ಹಾಕಿದ ಓ, ಪೌಂಡಿನ ಗುರುತು. ಯುನಿಕೋಡಿನಲ್ಲಿ ಕನ್ನಡ ಸೇರಿದ್ದು 1991ರಲ್ಲೇ ಆದರೂ ನಮ್ಮ ಅಂಗಡಿಗಳಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯತನಕ ಒಬ್ಬೊಬ್ಬರೂ ತಮ್ಮದೇ ಕ್ರಮದಲ್ಲಿ ಒತ್ತು, ಕೊಂಬು, ದೀರ್ಘಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟು ಇಲ್ಲವಾದರೆ ಬರಹವೂ ಇಲ್ಲ. ನನ್ನ ಪುಣ್ಯಕ್ಕೆ ಶಿವಮೊಗ್ಗದ ಒಂದು ಪ್ರೂಫ್ ಹಾಳೆ ಡಬ್ಬದಲ್ಲೇ ಇತ್ತು. ಅಪ್ಪ ಕೆಂಪು ಶಾಯಿಯಲ್ಲಿ ತಿದ್ದಿದ್ದು. ಅದನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಚಿಹ್ನೆಗೆ ಅಕ್ಷರ ಹೊಂದಿಸುತ್ತ ಹೋದೆ. ಅರ್ಕಾವತ್ತು ತುಂಬಾ ಸತಾಯಿಸಿತು. ಹಳೇ ಕ್ರಮದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು. ಹಾಗಾಗಿ 'ವರ್ಷ' ಎಲ್ಲ ಕಡೆ 'ವಷರ್' ಆಗಿತ್ತು. ಪ್ರೆಸ್ಸಿನ ಫಾಂಟೇ ಬೇರೆ. ಅದಕ್ಕೆ ಪ್ರೂಫೂ ಇರಲಿಲ್ಲ, ಊಹೆಯೇ ಗತಿ. ಒಟ್ಟು ನಾಲ್ಕು ತಿಂಗಳು ಹಿಡಿಯಿತು.

ಪಟ್ಟಿ ಅಕಾರಾದಿಯಲ್ಲಿತ್ತು. ಬೂಸಲು ಹಿಡಿದದ್ದರಲ್ಲಿ ಹೋದದ್ದು 'ಕ'ಕಾರದ ಕೊನೆ ಮತ್ತು 'ಗ'ಕಾರ ಪೂರ್ತಿ. ಕೊಟ್ಟೆ ಹೋಯಿತು, ಕೊನೆಗೌಡ ಹೋದ, ಗೊರಬು ಹೋಯಿತು. ಬೇಜಾರಿನಲ್ಲಿ ಊರಲ್ಲಿರುವ ಅಕ್ಕನಿಗೆ ಫೋನು ಮಾಡಿದೆ.

"ಗೊರಬು ಅಂದ್ರೆ ಏನಂತ ನಿಂಗೆ ಗೊತ್ತಿಲ್ವಾ?" ಎಂದಳು. "ಮಳೇಲಿ ಸಸಿ ನೆಡೋರು ತಲೆ ಬೆನ್ನು ಮುಚ್ಚೋ ಹಾಗೆ ಹಾಕ್ಕೊಳ್ತಿದ್ರಲ್ಲ ಮಾರಾಯ. ನೀನು ಚಿಕ್ಕೋನಿದ್ದಾಗ ಅದರೊಳಗೇ ಅವಿತುಕೊಳ್ತಿದ್ದೆ."

ನೆನಪಾಯಿತು. ಆ ಕತ್ತಲೆ, ಒದ್ದೆ ಎಲೆಯ ವಾಸನೆ ಎಲ್ಲ.

"ಇಷ್ಟು ವರ್ಷ ಆ ಡಬ್ಬ ಕಾದ್ಯಲ್ಲ, ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲೋ. ಅಪ್ಪ ಬರೆಯೋವಾಗ ದೀಪ ಹಿಡ್ಕೊಂಡು ಕೂತಿರ್ತಿದ್ದೋಳು ಯಾರು?"

ನನಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ವರ್ಷ ವಾರಕ್ಕೊಮ್ಮೆ ಅಕ್ಕನಿಗೆ ಫೋನು ಮಾಡಿದ್ದೇನೆ. ಮಳೆ ಕೇಳಿದ್ದೇನೆ, ಅಡಿಕೆ ರೇಟು ಕೇಳಿದ್ದೇನೆ, ಮಂಡಿನೋವು ಕೇಳಿದ್ದೇನೆ. ಇದನ್ನು ಕೇಳಿರಲಿಲ್ಲ. ಅವಳಿಗೀಗ ಎಪ್ಪತ್ತೊಂದು.

ಈಗ ಭಾನುವಾರ ಬೆಳಿಗ್ಗೆ ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. 'ಗ'ಕಾರದಲ್ಲಿ ನಲವತ್ತಮೂರು ಶಬ್ದ ಆಗಿದೆ. ನಡುವೆ ಒಲೆ ಮೇಲಿಟ್ಟ ಹಾಲು ನೆನಪಾಗಿ ಎದ್ದು ಹೋಗುತ್ತಾಳೆ, ಬಂದು ಕೇಳುತ್ತಾಳೆ: "ಎಲ್ಲಿಗೆ ನಿಲ್ಸಿದ್ದೆ? ಬರ್ಕೊಂಡ್ಯಾ?"